ಪಂಚಮಿಗೆ ಬಂದವಳ ಹಿತ್ತಲು

ನಾಗರಪಂಚಮಿಗೆಂದು ತವರಿಗೆ ಬಂದ ಹೆಣ್ಣುಮಗಳು ಎಂಟು ದಿನ, ತೀರ ಹೆಚ್ಚೆಂದರೆ ಹದಿನೈದು ದಿನ ಇದ್ದು ಗಂಡನ ಮನೆಗೆ ಹೊರಡುವುದು ವಾಡಿಕೆ. ಅನ್ನಪೂರ್ಣವ್ವ ಬಂದು ತಿಂಗಳು ಮೀರಿತ್ತು. ಯಾವಾಗ ಹೋಗುತ್ತೀ ಎಂದು ಯಾರೂ ಕೇಳಿರಲಿಲ್ಲ. ಇಲ್ಲೇ ಇರು ಎಂದೂ ಯಾರೂ ಹೇಳಿರಲಿಲ್ಲ.

ಅವಳನ್ನು ಕೊಟ್ಟದ್ದು ಯಲ್ಲಾಪುರ ಪೇಟೆಯ ಒಂದು ಕಿರಾಣಿ ಅಂಗಡಿಯವರ ಮನೆಗೆ. ಗಂಡ ಕಾಮಾಲೆಯಾಗಿ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಅಂಗಡಿ ಮೈದುನ ಮಡಿವಾಳಪ್ಪನ ಕೈಗೆ ಹೋಯಿತು, ಒಲೆ ಅನ್ನಪೂರ್ಣವ್ವನ ಕೈಯಲ್ಲೇ ಉಳಿಯಿತು. ಮಡಿವಾಳಪ್ಪನ ಮದುವೆಯಾದ ಮೇಲೆ ಇದ್ದ ಒಂದು ಖೋಲಿ ಹೊಸ ದಂಪತಿಗೆ ಬೇಕಾಗಿ, ಅವಳ ಟ್ರಂಕು ಸಾಮಾನು ತುಂಬಿಡುವ ಕೋಣೆಗೆ ಹೋಯಿತು. ಬೈದವರಿಲ್ಲ, ಹೊಡೆದವರಿಲ್ಲ. ಅಣ್ಣ ಅಂದಾನಪ್ಪ ಒಮ್ಮೆ ಯಲ್ಲಾಪುರಕ್ಕೆ ಹೋದಾಗ ತಂಗಿ ಒಣಮೆಣಸಿನಕಾಯಿ ಚೀಲಗಳ ನಡುವೆ ಚಾಪೆ ಹಾಸಿಕೊಳ್ಳುವುದನ್ನು ಕಂಡ. ಅವನು ಮಾತು ಕಡಿಮೆಯ ಮನುಷ್ಯ. ಆಗ ಏನೂ ಅನ್ನಲಿಲ್ಲ. ಈ ವರ್ಷ ಪಂಚಮಿಗೆ ನಾಲ್ಕು ದಿನ ಇರುವಾಗ ತಾನೇ ಹೋಗಿ, ಹಬ್ಬಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಷ್ಟೇ ಹೇಳಿ ಟ್ರಂಕು ಸಮೇತ ಕರೆತಂದ. ಹಬ್ಬಕ್ಕೆ ಟ್ರಂಕು ಯಾಕೆ ಎಂದು ಮಡಿವಾಳಪ್ಪನೂ ಕೇಳಲಿಲ್ಲ.

ಊರು ಬನವಾಸಿಯಿಂದ ಎರಡು ಮೈಲಿ ಈಚೆ, ಶಿರಸಿ ದಾರಿಗೆ ಹತ್ತಿಕೊಂಡು ಇತ್ತು. ಸೀಮೆ ಮುಂಬಯಿಯಿಂದ ಬಿಟ್ಟು ಮೈಸೂರಿಗೆ ಸೇರಿ ಮೂರನೆಯ ವರ್ಷ. ಅಂದಾನಪ್ಪನಿಗೆ ನಾಲ್ಕೆಕರೆ ಭತ್ತದ ಗದ್ದೆ, ಒಂದು ಜೊತೆ ಎತ್ತು. ಮನೆಯಲ್ಲಿ ತಾಯಿ ಗುರುಶಾಂತವ್ವ, ಮೊಣಕಾಲು ಹಿಡಿದುಕೊಂಡು ಜಗಲಿ ಬಿಟ್ಟು ಇಳಿಯದವಳು. ಹೆಂಡತಿ ಕಲ್ಲವ್ವ, ಶಿರಸಿಯ ಅರಿವೆ ಅಂಗಡಿಯವರ ಮಗಳು. ನಾಲಿಗೆ ಚುರುಕು, ಕೈ ಅದಕ್ಕಿಂತ ಚುರುಕು. ಒಬ್ಬಳೇ ಮಗಳು ಪಾರ್ವತಿಯನ್ನು ಹೋದ ವರ್ಷ ಹಾನಗಲ್ಲಿಗೆ ಕೊಟ್ಟಿದ್ದರು. ಅವಳೂ ಪಂಚಮಿಗೆ ಬಂದಿದ್ದಳು, ಜೋಕಾಲಿ ಆಡಿ, ಉಂಡಿ ತಿಂದು, ಒಂಬತ್ತನೆಯ ದಿನ ಗಂಡನ ಹಿಂದೆ ಹೊರಟುಹೋದಳು. ಉಳಿದವಳು ಅನ್ನಪೂರ್ಣವ್ವ.

ಉಳಿದವಳು ಸುಮ್ಮನೆ ಕೂಡಲಿಲ್ಲ. ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವಳು, ಕೊಟ್ಟಿಗೆ ಬಳಿಯುವಳು, ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕುವಳು. ಉಣ್ಣುವಾಗ ಮಾತ್ರ ಎಲ್ಲರ ಊಟವಾದ ಮೇಲೆ ಕೂತು, ಎರಡು ರೊಟ್ಟಿಗೆ ಕೈ ತೊಳೆದುಬಿಡುವಳು. ಕಲ್ಲವ್ವ ಮೂರನೆಯ ರೊಟ್ಟಿ ಹಾಕಲು ಬಂದರೆ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿಯುವಳು.

ಗಣೇಶನ ಚೌತಿ ಮುಗಿದು ಮಳೆ ಹಿಂದೆ ಸರಿಯಿತು. ಮನೆಯ ಹಿಂದೆ ಬಾವಿಯ ಪಕ್ಕದ ಹಿತ್ತಲು ಒಂದು ಕಾಲಕ್ಕೆ ಗುರುಶಾಂತವ್ವನ ಸಾಮ್ರಾಜ್ಯ. ಅವಳ ಕಾಲು ಕೈಕೊಟ್ಟ ಮೇಲೆ ಎರಡು ವರ್ಷ ಅಲ್ಲಿ ಹುಲ್ಲು ಬಿಟ್ಟರೆ ಏನೂ ಬೆಳೆದಿರಲಿಲ್ಲ. ಕಲ್ಲವ್ವನಿಗೆ ಅರಿವೆಯ ಜಾತಿ ಮುಟ್ಟಿ ಹೇಳಲು ಬರುತ್ತಿತ್ತೇ ಹೊರತು ಮಣ್ಣಿನ ಕೆಲಸ ಬರುತ್ತಿರಲಿಲ್ಲ. ಅಂದಾನಪ್ಪ ಎರಡು ದಿನ ಗುದ್ದಲಿ ಹಿಡಿದು ಇಡೀ ಹಿತ್ತಲು ಅಗೆದ, ಕೊಟ್ಟಿಗೆ ಗೊಬ್ಬರ ಹರಡಿದ, ಸುತ್ತ ಮುಳ್ಳಿನ ಬೇಲಿ ಕಟ್ಟಿದ. ಆ ಸಂಜೆ ಉಣ್ಣುತ್ತ ತಲೆ ಎತ್ತದೆಯೇ ತಂಗಿಗೆ ಹೇಳಿದ:

"ಅನ್ನಪೂರ್ಣಾ, ಹಿತ್ತಲ ಹಸನ ಮಾಡೇನಿ. ಈ ಸಲ ನೀನ ನೋಡ್ಕೊ. ಏನೇನು ಹಾಕ್ತೀ ಹೇಳು."

ಅನ್ನಪೂರ್ಣವ್ವ ಬಡಿಸುತ್ತಿದ್ದಳು. ಅವಳಿಗಿಂತ ಮೊದಲು ಉಳಿದವರೇ ಹೇಳಲು ಸುರುಮಾಡಿದರು. ಗುರುಶಾಂತವ್ವನಿಗೆ ಚಪ್ಪರದವರೆ ಬೇಕು, ಹೀರೆ ಬೇಕು. ಬೂದಿ ಹಚ್ಚಿ ಬಟ್ಟೆಯಲ್ಲಿ ಗಂಟು ಕಟ್ಟಿದ ಬೀಜ ಒಲೆಯ ಮೇಲೆ ತೂಗುಹಾಕಿದ ಗಡಿಗೆಯಲ್ಲಿ ಇನ್ನೂ ಇದೆ ಎಂದಳು. ಕಲ್ಲವ್ವನಿಗೆ ಬದನೆ, ಹಸಿಮೆಣಸಿನಕಾಯಿ. ತನ್ನ ತವರಲ್ಲಿ ಎಣ್ಣೆಗಾಯಿ ಇಲ್ಲದ ಸೋಮವಾರವೇ ಇರುತ್ತಿರಲಿಲ್ಲ ಎಂದು ನೆನೆದಳು. ಅಂದಾನಪ್ಪ ಅಂಗಿಯ ಕಿಸೆಯಿಂದ ಒಂದು ಕಾಗದದ ಪುಡಿಕೆ ತೆಗೆದ. ಗ್ರಾಮಸೇವಕ ಕೊಟ್ಟ ಕೋಸಿನ ಬೀಜ. ಎಲೆಯ ಮೇಲೆ ಎಲೆ ಸುತ್ತಿಕೊಂಡು ಉಂಡೆಯಾಗುತ್ತದಂತೆ ಎಂದು ಕೈಯಲ್ಲಿ ಮಾಡಿ ತೋರಿಸಿದ. ಹಾಗೆ ಸುತ್ತಿಕೊಂಡರೆ ಒಳಗೆ ಹುಳ ಇದ್ದದ್ದು ಹೇಗೆ ಗೊತ್ತಾಗಬೇಕು ಎಂದು ಗುರುಶಾಂತವ್ವ ಕೇಳಿದ್ದಕ್ಕೆ ಅವನು ಪುಡಿಕೆಯನ್ನು ಮತ್ತೆ ಕಿಸೆಗೆ ಹಾಕಿಕೊಂಡ.

ಅನ್ನಪೂರ್ಣವ್ವ ಎಲ್ಲ ಕೇಳಿಸಿಕೊಂಡು, ಮೊದಲು ಮೆಂತ್ಯ, ಮೂಲಂಗಿ, ಹರಿವೆ, ಕೊತ್ತಂಬರಿ ಹಾಕುತ್ತೇನೆ, ಉಳಿದದ್ದು ಆಮೇಲೆ ನೋಡೋಣ ಎಂದಳು.

ಹಾಗೆಯೇ ಮಾಡಿದಳು. ಚಿಕ್ಕವಳಿದ್ದಾಗ ಅವ್ವನ ಬೆನ್ನ ಹಿಂದೆ ಕಲಿತದ್ದು ಕೈಗೆ ಮರೆತಿರಲಿಲ್ಲ. ದಾರ ಹಿಡಿದಂತೆ ನಾಲ್ಕು ಪಾತಿ ಕಟ್ಟಿದಳು. ಮೆಂತ್ಯ ಮೂರನೆಯ ದಿನಕ್ಕೆ ಮೊಳೆಯಿತು, ಹದಿನೆಂಟನೆಯ ದಿನಕ್ಕೆ ಪಲ್ಲೆಯಾಗಿ ತಟ್ಟೆಗೆ ಬಂತು. ಹಿಂದೆಯೇ ಹರಿವೆ ಬಂತು, ಮೂಲಂಗಿಯ ಎಳೆಸೊಪ್ಪು ಬಂತು. ಎರಡು ವರ್ಷ ಸಂತೆಯ ಬಾಡಿದ ಕಾಯಿ ತಿಂದ ಮನೆಗೆ ಹಸಿರು ಪಲ್ಲೆಯ ರುಚಿ ಹತ್ತಿತು. ಗುರುಶಾಂತವ್ವ ಮೊಸರು ಕಲಸಿಕೊಂಡು ಎರಡು ಸಲ ಹಾಕಿಸಿಕೊಂಡಳು. ಆದರೆ ಒಂದು ಪಾತಿ ಕಿತ್ತು ಮುಗಿದರೆ ಅನ್ನಪೂರ್ಣವ್ವ ಅದರಲ್ಲಿ ಮತ್ತೆ ಮೆಂತ್ಯವನ್ನೇ ಚೆಲ್ಲುವಳು. ಅಂದಾನಪ್ಪ ಬೆವರು ಸುರಿಸಿ ಅಗೆದ ಹಿತ್ತಲಿನಲ್ಲಿ ಮುಕ್ಕಾಲು ಭಾಗ ಹಾಗೆಯೇ ಖಾಲಿ ಬಿದ್ದಿತ್ತು. ಅವ್ವನ ಗಡಿಗೆ ಕೆಳಗಿಳಿಯಲಿಲ್ಲ. ಕೇಳಿದರೆ, ಆಗಲಿ, ನೋಡೋಣ ಎನ್ನುವಳು. ಕಲ್ಲವ್ವ ಒಂದು ವಾರ ಕಾದಳು, ಇನ್ನೊಂದು ವಾರ ಕಾದಳು. ಆಮೇಲೆ ಕೇಳುವುದನ್ನು ಬಿಟ್ಟು, ಹಳ್ಳದಾಚೆಯ ಒಕ್ಕಲು ಸುಬ್ಬಿಗೆ ಬದನೆ ಸಸಿ ತಂದುಕೊಡಲು ತಾನೇ ಹೇಳಿ ಕಳಿಸಿದಳು.

ಸುಬ್ಬಿ ಒಂದು ಮಧ್ಯಾಹ್ನ ನಲವತ್ತು ಸಸಿಯ ಕಟ್ಟು ತಂದು ಬಾವಿಕಟ್ಟೆಯ ಮೇಲಿಟ್ಟು, "ಹಸಿ ಗೋಣಿ ಮುಚ್ಚಿ ಇಡಿ ಅಮಾ, ಇವತ್ತು ನೆಡೂಕೆ ಆಗ್ದಿದ್ರೆ ನಾಳಿ ನೆಟ್ರೂ ಬದುಕ್ತವು" ಎಂದು ಹೇಳಿಹೋದಳು. ಅನ್ನಪೂರ್ಣವ್ವ ಗೋಣಿ ಮುಚ್ಚಿಟ್ಟಳು. ಮರುದಿನ ನೀರು ಚಿಮುಕಿಸಿದಳು. ನೆಡಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೀರಿಗೆ ಬಂದ ಕಲ್ಲವ್ವ ಗೋಣಿ ಎತ್ತಿ ನೋಡಿದರೆ ಸಸಿಗಳು ಕುತ್ತಿಗೆ ಬಾಗಿಸಿ ಮಲಗಿದ್ದವು.

"ಇವನ್ನ ಯಾಕ ಹಚ್ಚಲಿಲ್ಲ?" ಎಂದಳು ಕಲ್ಲವ್ವ.

ಅನ್ನಪೂರ್ಣವ್ವ ಬಾವಿಯ ಹಗ್ಗ ಸುತ್ತುತ್ತಿದ್ದವಳು ನಿಲ್ಲಿಸಲಿಲ್ಲ. "ಬದನಿ ಹಚ್ಚಿದರ ಮೂರು ತಿಂಗಳು ನೋಡ್ಕೋಬೇಕು ಅತ್ತಿಗಿ."

"ನೋಡ್ಕೋ. ಯಾರು ಬ್ಯಾಡ ಅಂದ್ರು?"

"ಮೂರು ತಿಂಗಳ ಮ್ಯಾಲ ನಾ ಎಲ್ಲಿರ್ತೀನೋ ಯಾರಿಗೆ ಗೊತ್ತು."

ಕಲ್ಲವ್ವ ಕೊಡ ಕೆಳಗಿಟ್ಟಳು. ಹಿತ್ತಲಿನ ನಾಲ್ಕು ಹಸಿರು ಪಾತಿಗಳನ್ನೂ ಅದರಾಚೆಯ ಬರಿ ಮಣ್ಣನ್ನೂ ಒಮ್ಮೆ ನೋಡಿದಳು. ಅವಳ ಮುಖ ಕೆಂಪಾಯಿತು.

"ಅದಕ್ಕ ಬರೇ ಸೊಪ್ಪು ಹಾಕೀಯೇನು? ಇಪ್ಪತ್ತು ದಿನಕ್ಕ ಕಿತ್ತು, ಕೈ ತೊಳಕೊಂಡು ಎದ್ದು ಹೋಗಾಕ? ನಮ್ಮನಿ ಅನ್ನ ಅಷ್ಟು ಭಾರ ಆಗೇತಿ ನಿನಗ?"

"ನನಗ ಭಾರ ಆಗಿಲ್ಲ. ನಾ ನಿಮಗ ಭಾರ ಆಗಬಾರದು."

"ನಾ ನಿನ್ನ ಹೋಗು ಅಂದೆನೇನು?"

"ಇರು ಅಂತ ಅಂದೀಯೇನು?"

ಮಾತು ಅಲ್ಲಿಗೆ ಮುರಿಯಿತು. ಕಲ್ಲವ್ವ ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದಳು. ಆ ದಿನ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಜಗಲಿಯಿಂದ ಗುರುಶಾಂತವ್ವ ಏನಾಯಿತೆಂದು ಇಬ್ಬರನ್ನೂ ಬೇರೆಬೇರೆ ಕರೆದು ಕೇಳಿದಳು. ಇಬ್ಬರೂ ಏನೂ ಇಲ್ಲ ಎಂದರು. ಅಂದಾನಪ್ಪ ಉಪ್ಪಿಲ್ಲದ ಸಾರನ್ನೇ ಉಂಡು ಗದ್ದೆಗೆ ಹೋದ.

ಮರುದಿನ ನಸುಕಿನಲ್ಲಿ ಅನ್ನಪೂರ್ಣವ್ವ ಹಿತ್ತಲಿಗೆ ಹೋದಾಗ ಗೋಣಿಯ ಕೆಳಗೆ ಸಸಿ ಇರಲಿಲ್ಲ. ಖಾಲಿ ಮಣ್ಣಿನ ಒಂದು ಮೂಲೆಯಲ್ಲಿ ನಲವತ್ತೂ ಸಸಿಗಳನ್ನು ಒಂದಕ್ಕೊಂದು ಆತು ನಿಲ್ಲುವಷ್ಟು ಒತ್ತಾಗಿ, ಎಲೆಯ ಬುಡದವರೆಗೆ ಮಣ್ಣಿನಲ್ಲಿ ಹೂತು ನೆಟ್ಟಿದ್ದರು. ಮೇಲೆ ಒಂದು ಕೊಡ ನೀರು ಸುರಿದು ಕೆಸರೆಬ್ಬಿಸಿದ್ದರು. ಮಣ್ಣು ಮುಟ್ಟಿ ಗೊತ್ತಿಲ್ಲದ ಕೈಯ ಕೆಲಸ ಯಾರದೆಂದು ಕೇಳುವ ಹಾಗಿರಲಿಲ್ಲ. ಅನ್ನಪೂರ್ಣವ್ವ ಸೀರೆ ಸಿಕ್ಕಿಸಿ ಕೂತಳು. ಒಂದೊಂದೇ ಸಸಿ ಬಿಡಿಸಿದಳು, ಬಾಡಿದ ಎಲೆ ಚಿವುಟಿದಳು, ಮೊಳದ ಮೇಲೆ ಮೊಳ ಅಳೆದು ಗುಣಿ ತೋಡಿದಳು. ಅರ್ಧ ನೆಟ್ಟಿರುವಾಗ ಹಿಂದೆ ಬಳೆಯ ಸದ್ದಾಯಿತು. ಕಲ್ಲವ್ವ ಎರಡು ಕೊಡ ನೀರು ಇಟ್ಟುಕೊಂಡು ನಿಂತಿದ್ದಳು.

"ಹ್ಯಾಂಗ ಹಚ್ಚಬೇಕು ತೋರಿಸು" ಎಂದಳು.

ಅನ್ನಪೂರ್ಣವ್ವ ತೋರಿಸಿದಳು. ಇಬ್ಬರೂ ಸೇರಿ ಉಳಿದದ್ದನ್ನು ನೆಟ್ಟು, ಬಿಸಿಲು ತಾಗದಂತೆ ಒಂದೊಂದಕ್ಕೂ ಮುತ್ತುಗದ ಎಲೆ ಮುಚ್ಚಿದರು. ಯಾರೂ ಯಾರಿಗೂ ತಪ್ಪಾಯಿತು ಎನ್ನಲಿಲ್ಲ. ಕೊನೆಯ ಸಾಲಿಗೆ ನೀರು ಹಾಕುವಾಗ ಕಲ್ಲವ್ವ ಬುಡ ನೋಡುತ್ತಲೇ ಮಾತಾಡಿದಳು. ಪಾರ್ವತಿ ಹೊರಟ ದಿನ ತಾನು ಕೊಟ್ಟಿಗೆಯಲ್ಲಿ ನಿಂತು ಅತ್ತಿದ್ದಾಗಿ ಹೇಳಿದಳು.

"ಮರುದಿನ ಎಚ್ಚರಾದಾಗ ಅಡಿಗಿಮನ್ಯಾಗ ಕಟಿಗಿ ಮುರಿಯೋ ಸಪ್ಪಳ ಕೇಳಿಸ್ತು. ಒಲಿ ಮುಂದ ಯಾರೋ ಅದಾರ ಅಂತ ಮತ್ತೊಂದು ತಾಸು ಮಲಗಿದೆ. ಈ ಮನಿಗೆ ಬಂದು ಹದಿನೆಂಟು ವರ್ಷದಾಗ ಅದ ಮೊದಲು." ತಂಬಿಗೆಯಲ್ಲಿ ಉಳಿದ ನೀರು ಚೆಲ್ಲಿ ಮುಂದುವರಿಸಿದಳು. "ಇರು ಅಂತ ಕೇಳಿದರ ನೀ ಇಲ್ಲ ಅಂತೀ ಅಂತ ಅಂಜಿ ಕೇಳಲಿಲ್ಲ. ಪ್ಯಾಟಿ ಮನ್ಯಾಗ ಬಾಳಿದಾಕಿ, ಈ ಹಳ್ಳ್ಯಾಗ ಯಾಕ ನಿಂದರ್ತಾಳ ಅಂತ ತಿಳಕೊಂಡಿದ್ದೆ."

ಅನ್ನಪೂರ್ಣವ್ವ ಎದ್ದು ಒಳಗೆ ಹೋಗಿ, ಮಣೆ ಹತ್ತಿ, ಒಲೆಯ ಮೇಲಿನ ಗಡಿಗೆ ಇಳಿಸಿದಳು.

ಆ ಗಡಿಗೆ ಇಳಿದದ್ದೇ ಗುರುಶಾಂತವ್ವನೂ ಜಗಲಿ ಇಳಿದಳು. ಮಗನ ಹೆಗಲು ಹಿಡಿದು ಹಿತ್ತಲಿಗೆ ಬಂದು, ಮಣೆಯ ಮೇಲೆ ಕೂತು, ಯಾವ ಗಂಟಿನಲ್ಲಿ ಯಾವ ಬೀಜ ಎಂದು ಮೂಸಿ ನೋಡಿ ಹೇಳಿದಳು. ಕೆಲಸಕ್ಕೆ ಬರುವ ಆಳು ಕೆರಿಯ, ಬಿದಿರು ತಂದು ಚಪ್ಪರ ಹಾಕಿದ. ಅವರೆ, ಹೀರೆ ಊರಿದರು. ಮೆಣಸಿನ ಸಸಿ ಬಂತು. ಅಂದಾನಪ್ಪ ತನ್ನ ಕೋಸಿಗೆ ಬೇಲಿಯ ಪಕ್ಕ ತಾನೇ ಒಂದು ಪಾತಿ ಮಾಡಿಕೊಂಡು, ಬೀಜದಿಂದ ಎಬ್ಬಿಸಿದ ಹನ್ನೆರಡು ಸಸಿಯನ್ನು ಯಾರೂ ಮುಟ್ಟಬಾರದೆಂದು ಹೇಳಿ ನೆಟ್ಟ. ಬದನೆಯಲ್ಲಿ ಒಂಬತ್ತು ಸತ್ತವು, ಮೂವತ್ತೊಂದು ತಲೆ ಎತ್ತಿದವು. ದಿನಾ ಬೆಳಿಗ್ಗೆ ಅತ್ತಿಗೆ ನಾದಿನಿ ಇಬ್ಬರೂ ಸೇರಿ ಬಾವಿಯಿಂದ ನಲವತ್ತು ಕೊಡ ನೀರು ಎಳೆಯುವರು. ಬಾವಿಕಟ್ಟೆಯಲ್ಲಿ ಅವರ ನಗು ಜಗಲಿಗೆ ಕೇಳಿಸಿದರೆ, ಇವರಿಗೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ ಎಂದು ಗುರುಶಾಂತವ್ವ ಗೊಣಗುವಳು.

ಭೂಮಿ ಹುಣ್ಣಿಮೆ ಬಂತು. ಹೊಡೆ ತುಂಬಿದ ಗದ್ದೆಗೆ ಸೊಪ್ಪಿನ ಅಡಿಗೆಯ ಎಡೆ ಒಯ್ದು ಬಂದರು. ಅದರ ಮರುದಿನ ಮಧ್ಯಾಹ್ನ ಮಡಿವಾಳಪ್ಪ ಬಂದ.

ಬನವಾಸಿ ಬಸ್ಸಿಗೆ ಬಂದು ದಾರಿಯಲ್ಲಿಳಿದು ನಡೆದಿದ್ದ. ಕೈಯಲ್ಲಿ ಬುಂದೆಲಾಡಿನ ಪುಡಿಕೆ, ಒಂದು ಇಳಕಲ್ ಸೀರೆ. ಕಾಲಿಗೆ ನೀರು ಕೊಟ್ಟು ಜಗಲಿಯಲ್ಲಿ ಕೂಡಿಸಿದರು. ಮಳೆ, ಬೆಳೆ, ಯಲ್ಲಾಪುರದ ಪೇಟೆ ಎಲ್ಲ ಮಾತಾಯಿತು. ಆಮೇಲೆ ಅವನು ಬಂದ ಕೆಲಸ ಹೇಳಿದ. ಹೆಂಡತಿ ಬಸಲಿಂಗವ್ವನಿಗೆ ಏಳು ತಿಂಗಳು ತುಂಬಿದೆ. ಚೊಚ್ಚಲು, ಆದರೆ ತವರಿಗೆ ಕಳಿಸಲು ಅಲ್ಲಿ ತಾಯಿ ಇಲ್ಲ. ಅತ್ತಿಗೆ ಬಂದುಬಿಟ್ಟರೆ ಮನೆ ಮನೆಯಾಗುತ್ತದೆ. ಪಂಚಮಿ ಆಗಿ ಎರಡು ತಿಂಗಳಾಯಿತು, ಇನ್ನು ಕಳಿಸಿಕೊಡಬೇಕು ಎಂದ. ಗುರುಶಾಂತವ್ವ, ಕೊಟ್ಟ ಮನೆಯವರು ತಾವಾಗಿ ಕರೆಯಲು ಬಂದಾಗ ಇಲ್ಲ ಎಂದರೆ ನಾಲ್ಕು ಮಂದಿ ಏನನ್ನುತ್ತಾರೆ ಎಂದು ಮಗನ ಮುಖ ನೋಡಿದಳು. ಅಂದಾನಪ್ಪ ನೆಲ ನೋಡಿದ. ಅನ್ನಪೂರ್ಣವ್ವ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು.

ಚಹಾ ತಂದ ಕಲ್ಲವ್ವ ಲೋಟ ಇಟ್ಟು ಒಳಗೆ ಹೋಗಲಿಲ್ಲ. ಬೀಗರ ಮುಂದೆ ಎಂದೂ ಕೂಡದವಳು ಕಂಬಕ್ಕೆ ಒರಗಿ ಕೂತಳು.

"ಅಕೀನ ಏನಂತ ಕರ್ಯಾಕ ಬಂದೀರಿ ತಮ್ಮಾ? ಅತ್ತಿಗಿ ಅಂತ್ಲೋ, ಅಡಿಗಿಯಾಕಿ ಅಂತ್ಲೋ?"

ಮಡಿವಾಳಪ್ಪ ಲೋಟ ಕೈಯಲ್ಲೇ ಹಿಡಿದು, ಅತ್ತಿಗೆ ಎಂದೇ ಎಂದ.

"ಅತ್ತಿಗಿ ಆದ್ರ ಮೆಣಸಿನಕಾಯಿ ಚೀಲದ ನಡುವ ಯಾಕ ಮಲಗಿದ್ಲು?"

ಅನ್ನಪೂರ್ಣವ್ವ ಈ ಮಾತನ್ನು ಯಾರ ಮುಂದೂ ಎತ್ತಿರಲಿಲ್ಲ. ಅಣ್ಣ ಕಂಡದ್ದನ್ನು ಹೆಂಡತಿಗೆ ಹೇಳಿದ್ದ, ಕೇಳಿದವಳು ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದಳು ಎಂದು ಅವಳಿಗೆ ಗೊತ್ತಾದದ್ದು ಆಗ. ಗಂಡ ಸತ್ತ ಮೇಲೆ ಅವಳ ಪರವಾಗಿ ಒಬ್ಬರು ದನಿ ಎತ್ತಿ ಮಾತಾಡಿದ್ದು ಅದೇ ಮೊದಲು.

ಕಲ್ಲವ್ವ ಇನ್ನೂ ಮುಗಿಸಿರಲಿಲ್ಲ. "ಇಕಿ ಇಲ್ಲೇ ಇರ್ತಾಳ. ಇದು ಇಕಿ ಮನಿ. ಇರು ಅಂತ ನಾ ಬಾಯಿಬಿಟ್ಟು ಹೇಳಿರಲಿಲ್ಲ, ತಪ್ಪು ನಂದು. ಈಗ ಎಲ್ಲಾರ ಮುಂದ ಹೇಳಾಕತ್ತೀನಿ."

ಅಂದಾನಪ್ಪ ತಲೆ ಎತ್ತಿ, ಹೌದು ಎಂಬಂತೆ ಒಂದು ಸಲ ಆಡಿಸಿದ. ಗುರುಶಾಂತವ್ವ ಸೊಸೆಯ ಕಡೆ ನೋಡಿ ಸೆರಗಿನಿಂದ ಮೂಗು ಒರೆಸಿಕೊಂಡಳು. ನಾಲ್ಕು ಮಂದಿಯ ಮಾತು ಮತ್ತೆ ಎತ್ತಲಿಲ್ಲ.

ಮಡಿವಾಳಪ್ಪ ಕೆಟ್ಟವನಲ್ಲ. ಮುಖ ಸಣ್ಣದು ಮಾಡಿಕೊಂಡು, ಖೋಲಿ ಒಂದೇ ಇತ್ತು, ಅದು ಸರಿಯಲ್ಲ ಎಂದು ತನಗೂ ಅನ್ನಿಸುತ್ತಿತ್ತು, ಹೇಳಲು ನಾಲಿಗೆ ಏಳಲಿಲ್ಲ ಎಂದ. ಏಳಲು ಅಣಿಯಾಗಿ ಟೊಪ್ಪಿಗೆ ಕೈ ಹಾಕಿದ. ಆಗ ಅನ್ನಪೂರ್ಣವ್ವ ಬಾಗಿಲಿನಿಂದ ಹೊರಗೆ ಬಂದಳು. ಹದಿನೆಂಟು ವರ್ಷದ ಬಸಲಿಂಗವ್ವ ಮದುವೆಯಾಗಿ ಬಂದ ಹೊಸದರಲ್ಲಿ ತಾಯಿಯನ್ನು ನೆನೆದು ತನ್ನ ಮಡಿಲಲ್ಲಿ ಅತ್ತದ್ದು, ಪ್ರತಿ ಭಾನುವಾರ ತನ್ನ ತಲೆಗೆ ಎಣ್ಣೆ ಹಚ್ಚಿ ಬಾಚಿದ್ದು ಅವಳ ಕಣ್ಣ ಮುಂದೆ ಇತ್ತು.

"ಬಾಣಂತನಕ್ಕ ಬರ್ತೀನಿ" ಎಂದಳು. "ಬಸಲಿಂಗವ್ವಗ ಯಾರಿಲ್ಲ. ದೀಪಾವಳಿ ಮುಗಿಸಿ ಬರ್ತೀನಿ. ಕೂಸನ್ನ ತೊಟ್ಲಾಗ ಹಾಕಿದ ಮ್ಯಾಲ ನಮ್ಮನಿಗೆ ಬಂದುಬಿಡ್ತೀನಿ."

ಮಡಿವಾಳಪ್ಪ ಕೈ ಮುಗಿದ. ಅವನು ಹೋದ ಮೇಲೆ ಕಲ್ಲವ್ವ ಎರಡು ದಿನ ಪಾತ್ರೆ ಕುಕ್ಕಿದಳು. ತಾನು ಬೀಗರ ಹತ್ತಿರ ಕೆಟ್ಟವಳಾದದ್ದು ಬಂತು, ಇವಳು ಹೋಗುತ್ತೇನೆಂದು ತಾನೇ ಒಪ್ಪಿಕೊಂಡಳು ಎಂದು ಅವಳ ಸಿಟ್ಟು. ಹೋದವಳನ್ನು ಅವರು ಬಿಡುತ್ತಾರೆಯೇ ಎಂಬ ಹೆದರಿಕೆ ಅದರ ಹಿಂದೆ ಇತ್ತು. ಮೂರನೆಯ ದಿನ ಸಿಟ್ಟು ಇಳಿದು, ಹಿತ್ತಲಿನ ಪಾಠ ಸುರುವಾಯಿತು. ಎಲೆ ಸುರುಳಿಯಾದರೆ ಬೂದಿ ಉದುರಿಸಬೇಕು, ಬಿಸಿಲೇರಿದ ಮೇಲೆ ನೀರು ಹಾಕಬಾರದು, ಅವರೆ ಬಳ್ಳಿಗೆ ಹಗ್ಗ ಕಟ್ಟಿ ದಾರಿ ತೋರಿಸಬೇಕು. ಕಲ್ಲವ್ವ ಒಂದೊಂದನ್ನೂ ಎರಡೆರಡು ಸಲ ಹೇಳಿಸಿಕೊಂಡಳು. ದೀಪಾವಳಿಯ ಮರುವಾರ, ಬಸ್ಸು ಹತ್ತಿಸುವಾಗ, ಅನ್ನಪೂರ್ಣವ್ವನ ಕೈಯಲ್ಲಿ ಬುತ್ತಿಯ ಗಂಟು ಮಾತ್ರ ಕೊಟ್ಟಳು. ಟ್ರಂಕು ಒಯ್ಯಗೊಡಲಿಲ್ಲ.

ಯಲ್ಲಾಪುರದಲ್ಲಿ ಅನ್ನಪೂರ್ಣವ್ವ ಕಂಡದ್ದು ಬೇರೆಯೇ. ಸಾಮಾನಿನ ಕೋಣೆಯ ಚೀಲಗಳೆಲ್ಲ ಅಂಗಡಿಯ ಹಿಂಭಾಗಕ್ಕೆ ಹೋಗಿದ್ದವು. ಗೋಡೆಗೆ ಸುಣ್ಣ ಬಳಿದು, ಒಂದು ಮಂಚ ಹಾಕಿಸಿ, ಮಡಿವಾಳಪ್ಪ ಅದನ್ನು ಬಾಯಿಂದ ಹೇಳದೆ ಬಾಗಿಲು ತೆರೆದು ತೋರಿಸಿದ. ಬಸಲಿಂಗವ್ವನಿಗೆ ಒಂದು ಹಗಲು ಪೂರ್ತಿ ಬೇನೆಯಾಗಿ ಹೆಣ್ಣುಕೂಸು ಹುಟ್ಟಿತು. ಅನ್ನಪೂರ್ಣವ್ವ ಎರೆದಳು, ಹೊಗೆ ಹಾಕಿದಳು, ಖಾರದುಂಡೆ ಕಟ್ಟಿದಳು. ಬೆಳಿಗ್ಗೆ ಕೂಸನ್ನು ಕಾಲ ಮೇಲೆ ಮಲಗಿಸಿ ನೀರು ಎರೆಯುವಾಗ, ಈ ಮನೆಯಲ್ಲಿ ಕಳೆದ ವರ್ಷಗಳ ಮೇಲೆ ಅವಳಿಗಿದ್ದ ಬೇಸರವೂ ಕರಗುತ್ತ ಹೋಯಿತು. ಅಣ್ಣನಿಂದ ಒಂದೇ ಒಂದು ಕಾರ್ಡು ಬಂತು. ಅವ್ವ ಆರಾಮ ಇದ್ದಾಳೆ, ಎತ್ತು ಆರಾಮ ಇವೆ, ಬದನೆಯ ವಿಚಾರ ಏನೂ ಬರೆಯಬೇಡ ಎಂದು ನಿಮ್ಮ ಅತ್ತಿಗೆ ಹೇಳಿದ್ದಾಳೆ ಎಂದು ಬರೆದಿದ್ದ. ಅದನ್ನು ಓದಿದ ಮೇಲೆ ಅನ್ನಪೂರ್ಣವ್ವನಿಗೆ ಒಂದು ವಾರ ನಿದ್ದೆ ಸರಿಯಾಗಿ ಹತ್ತಲಿಲ್ಲ. ದನ ಹೊಕ್ಕಿತೋ, ಹುಳ ಬಿತ್ತೋ, ಯಾವುದೆಂದು ಎಣಿಸುವುದು.

ಕೂಸನ್ನು ತೊಟ್ಟಿಲಿಗೆ ಹಾಕಿದ ಮರುದಿನ ಮಡಿವಾಳಪ್ಪ ಇನ್ನೊಮ್ಮೆ ಕೇಳಿದ. ಇಲ್ಲ ಎಂದಾಗ ಒತ್ತಾಯ ಮಾಡಲಿಲ್ಲ. ಆ ಖೋಲಿ ನಿಮ್ಮದೇ, ಯಾವಾಗ ಬಂದರೂ ಬೀಗ ಹಾಕಿರುವುದಿಲ್ಲ ಎಂದ. ಬಸಲಿಂಗವ್ವ ಕೂಸನ್ನು ಎತ್ತಿಕೊಂಡು ಬಸ್ಸಿನ ತನಕ ಬಂದಳು. ಅನ್ನಪೂರ್ಣವ್ವ ಕೂಸಿನ ಗಲ್ಲ ಮುಟ್ಟಿ, ಸಂಕ್ರಾಂತಿಗೆ ಕರೆದುಕೊಂಡು ಬಾ, ನಮ್ಮನೆಯ ಅವರೆಕಾಯಿ ತಿನ್ನಲು ಎಂದು ಹೇಳಿ ಹತ್ತಿದಳು.

ಮಾರ್ಗಶಿರದ ಚಳಿ ಹಿಡಿದಿತ್ತು. ಶಿರಸಿಯಲ್ಲಿ ಬಸ್ಸು ಬದಲಿಸಿ ಊರ ದಾರಿಯಲ್ಲಿ ಇಳಿದಾಗ ಅಂದಾನಪ್ಪ ಕಾದಿದ್ದ. ಹಿತ್ತಲು ಹೇಗಿದೆ ಎಂದು ಕೇಳಿದರೆ, ನೀನೇ ಬಂದು ನೋಡು ಎಂದ. ದಾರಿಯುದ್ದ ಅವನು ತನ್ನ ಕೋಸಿನ ಮಾತು ಹೇಳಿದ. ಹನ್ನೆರಡರಲ್ಲಿ ಏಳು ಉಂಡೆಯಾಗಿದ್ದವಂತೆ. ಅವ್ವ ಮೊದಲನೆಯದನ್ನು ಒಂದೊಂದೇ ಎಲೆ ಬಿಚ್ಚಿ, ಹುಳ ಇಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆ ತಿಂದಳಂತೆ. ಈಗ ದಿನಾ ಅದನ್ನೇ ಕೇಳುತ್ತಾಳಂತೆ.

ಅನ್ನಪೂರ್ಣವ್ವ ಅವ್ವನ ಕಾಲು ಮುಟ್ಟಿ, ಗಂಟು ಅಲ್ಲೇ ಇಟ್ಟು, ಮುಖ ತೊಳೆಯದೆ ಹಿಂದಕ್ಕೆ ನಡೆದಳು. ಹಿತ್ತಲು ತುಂಬಿ ನಿಂತಿತ್ತು. ಚಪ್ಪರದ ಮೇಲೆ ಅವರೆ ನೀಲಿ ಹೂ ಬಿಟ್ಟಿತ್ತು, ಹೀರೆಬಳ್ಳಿ ಬೇಲಿ ದಾಟಿ ಕೊಟ್ಟಿಗೆಯ ಹೆಂಚು ಹತ್ತಿತ್ತು. ಅದರಾಚೆ ಮೂವತ್ತೊಂದೂ ಬದನೆಗಿಡ ಎದೆಮಟ್ಟ ಬೆಳೆದಿದ್ದವು. ಕೊಂಬೆಗಳು ಕಾಯಿಯ ಭಾರಕ್ಕೆ ನೆಲ ಮುಟ್ಟುತ್ತಿದ್ದವು. ಆದರೆ ಕೆಳಗಿನ ಕಾಯಿಗಳೆಲ್ಲ ಮುಷ್ಟಿಗಿಂತ ದಪ್ಪ ಬಲಿತು, ನೇರಳೆ ಬಣ್ಣ ಹೋಗಿ ಹಳದಿ ತಿರುಗಿದ್ದವು. ಕಿತ್ತ ಗುರುತೇ ಇರಲಿಲ್ಲ.

ಕಲ್ಲವ್ವ ಗಿಡಗಳ ನಡುವೆ ಕೈ ಕಟ್ಟಿಕೊಂಡು, ಹೊಗಳಿಕೆಗೆ ಕಾಯುವವಳಂತೆ ನಿಂತಿದ್ದಳು. ನೀನು ನೆಟ್ಟದ್ದು, ಮೊದಲ ಕಾಯಿ ನಿನ್ನ ಕೈಯಿಂದಲೇ ಕೀಳಲಿ ಎಂದು ಯಾರಿಗೂ ಮುಟ್ಟಗೊಡಲಿಲ್ಲ ಎಂದಳು. ಅಂದಾನಪ್ಪ ಒಂದು ದಿನ ಎರಡು ಕಿತ್ತು ತಂದದ್ದಕ್ಕೆ ಜಗಳವಾಗಿ, ಅವನು ಸಂಜೆಯವರೆಗೆ ಮನೆಗೇ ಬರಲಿಲ್ಲವಂತೆ.

"ಅತ್ತಿಗಿ, ಇವನ್ನ ತಿನ್ನಾಕ ಹಚ್ಚೀವೋ ನೋಡಾಕ ಹಚ್ಚೀವೋ?" ಅನ್ನಪೂರ್ಣವ್ವನ ದನಿ ಜಗಲಿಯವರೆಗೆ ಹೋಯಿತು. "ಕೆಳಗಿಂದು ಕೀಳದಿದ್ದರ ಮ್ಯಾಲೆ ಹ್ಯಾಂಗ ಬಿಡಬೇಕು? ಎರಡು ಬುಟ್ಟಿ ಕಾಯಿ ಬೀಜಕ್ಕ ಹಾಕಿ ಕುಂತೀಯಲ್ಲ. ಶಿರಸಿ ಸಂತ್ಯಾಗ ಇದಕ್ಕ ಏನು ಕೇಳ್ತಾರ ಗೊತ್ತೈತಿಲ್ಲೋ ನಿನಗ?"

ಆ ಮನೆಯಲ್ಲಿ ಅವಳು ಹಾಗೆ ಗದರಿಸಿದ್ದು ಯಾರೂ ಕೇಳಿರಲಿಲ್ಲ. ಕಲ್ಲವ್ವ ಬೈಗುಳ ತಿನ್ನುತ್ತ ಸುಮ್ಮನೆ ನಿಂತಳು. ಅವಳ ಬಾಯಿಯ ಅಂಚು ನಗುವಿಗೆ ಎಳೆಯುತ್ತಿತ್ತು. ಆಮೇಲೆ ತಡೆಯಲಾಗದೆ ನಕ್ಕಳು. ಬೈಯುತ್ತಿದ್ದವಳಿಗೂ ನಗು ಬಂತು. ಇಬ್ಬರೂ ಬುಟ್ಟಿ ತಂದು ಕೂತರು. ಬಲಿತವನ್ನು ಬೀಜಕ್ಕೆಂದು ಬೇರೆ ಇಟ್ಟರು. ತುದಿಯ ಕೊಂಬೆಗಳಲ್ಲಿ ಎಳೆಗಾಯಿ ಸಾಕಷ್ಟು ಇದ್ದವು, ಅವನ್ನು ಮಡಿಲಿಗೆ ಕಿತ್ತರು. ಒಂದು ಪಾಲು ಸುಬ್ಬಿಯ ಮನೆಗೆ ಹೋಯಿತು. ಉಳಿದದ್ದಕ್ಕೆ ಕಲ್ಲವ್ವ ಶೇಂಗಾ ಹುರಿದು ಕುಟ್ಟಿದಳು.

ಮೀಯಲು ನೀರು ಕಾಯಿಸಿ ಕೊಟ್ಟವಳೂ ಕಲ್ಲವ್ವನೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅನ್ನಪೂರ್ಣವ್ವ ಹಣೆಗೆ ವಿಭೂತಿ ಧರಿಸಿ, ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಯಲ್ಲಿ ಇಟ್ಟುಕೊಂಡು ಪೂಜೆಗೆ ಕೂತಳು. ಎರಡು ವರ್ಷದಿಂದ ದಿನವೂ ಅವಳು ಬೇಡಿಕೊಳ್ಳುತ್ತಿದ್ದುದು ಒಂದೇ: ಯಾರಿಗೂ ಭಾರವಾಗದ ಹಾಗೆ ನಡೆಸಪ್ಪಾ ಎಂದು. ಇಂದು ಕಣ್ಣು ಮುಚ್ಚಿದರೆ ಆ ಮಾತು ಬರಲಿಲ್ಲ. ಬದಲಿಗೆ ಏನಾದರೂ ಕೇಳೋಣವೆಂದು ಹುಡುಕಿದಳು. ಅವ್ವನ ಮೊಣಕಾಲಿನದಷ್ಟು ಕೇಳಿದಳು. ಬಸಲಿಂಗವ್ವನ ಕೂಸಿನದು ಕೇಳಿದಳು. ತನಗೆಂದು ಕೇಳಲು ಏನೂ ನೆನಪಾಗಲಿಲ್ಲ. ಕೈಯಲ್ಲಿ ಲಿಂಗ ಹಿಡಿದು ಹಾಗೆಯೇ ಬಹಳ ಹೊತ್ತು ಕೂತಳು. ಕಣ್ಣಿನ ನೀರು ತಾನಾಗಿ ಇಳಿಯಿತು, ಒರೆಸಿಕೊಳ್ಳಲಿಲ್ಲ.

ಅಡಿಗೆಮನೆಯಿಂದ ಎಣ್ಣೆಗಾಯಿಯ ಘಮ ಬರುತ್ತಿತ್ತು. ಅಂದಾನಪ್ಪ, ಗುರುಶಾಂತವ್ವ ಆಗಲೇ ಕೂತಿದ್ದರು. ನಡುವೆ ಇನ್ನೊಂದು ತಟ್ಟೆ ಹಾಕಿತ್ತು.

"ಎಷ್ಟೊತ್ತು ಅದು" ಎಂದು ಕಲ್ಲವ್ವ ಒಳಗಿಂದ ಕೂಗಿದಳು. "ರೊಟ್ಟಿ ಆರಾಕತ್ಯಾವು."

ಅನ್ನಪೂರ್ಣವ್ವ ಎದ್ದು ಹೋಗಿ ಅವ್ವನ ಪಕ್ಕದಲ್ಲಿ ಕೂತಳು. ಎರಡು ರೊಟ್ಟಿ ಮುಗಿದ ಮೇಲೆ ತಾನಾಗಿ ತಟ್ಟೆ ಮುಂದೆ ಸರಿಸಿ, ಇನ್ನೊಂದು ಹಾಕು ಎಂದಳು.